ಮರದ ಸುತ್ತ ಬಳಿದ ಬಣ್ಣ

ಹೆಗಲ ಮೇಲೆ ಯಾವಾಗಲೂ ನೀರಿನ ಪೈಪು ಸುತ್ತಿಕೊಂಡಿರುತ್ತಿದ್ದ ಆಕೆಯನ್ನು ಇಡೀ ಬೀದಿ ಪೈಪಮ್ಮ ಎಂದೇ ಕರೆಯುತ್ತಿತ್ತು. ಬೀದಿಮರಗಳಿಗೆ ನೀರು ಹಾಕುವ ಕೆಲಸಕ್ಕೆ ಸೇರಿ ಇಪ್ಪತ್ತೆರಡು ವರ್ಷ. ಮರಗಳ ಮೇಲೆ ಒಂದು ದಿನವೂ ಬೇಸರಪಟ್ಟವಳಲ್ಲ; ಹೇಸಿಗೆಯೆಲ್ಲ ಮನುಷ್ಯರ ಮೇಲೆ. ಬುಡಕ್ಕೆ ಉಗಿಯುವವರು, ಕಾಂಡಕ್ಕೇ ಉಚ್ಚೆ ಹೊಯ್ಯುವವರು, ತಿಂದು ಮಿಕ್ಕಿದ್ದನ್ನು ಪಾತಿಯೊಳಗೆ ಸುರಿದು ಕೈ ಝಾಡಿಸಿಕೊಂಡು ಹೋಗುವವರು. ಅದನ್ನೆಲ್ಲ ಬಳಿದು ತೆಗೆದು, ಮನೆಗೆ ಹೋಗಿ ಮೂರು ಸಲ ಸೋಪು ಹಚ್ಚಿದರೂ ಊಟದ ಹೊತ್ತಿಗೆ ಬೆರಳು ಮೂಗಿನ ಹತ್ತಿರ ಬಂದರೆ ತಟ್ಟೆ ಪಕ್ಕಕ್ಕೆ ಸರಿಸುತ್ತಿದ್ದಳು.

ತಂಗಿಯ ಗಂಡನ ಕನ್ನಡಕದ ಅಂಗಡಿ ಅದೇ ಬೀದಿಯಲ್ಲಿತ್ತು. ಅದರ ಎದುರಿಗೇ ಒಂದು ದೊಡ್ಡ ಮರ. ಆ ವರ್ಷ ಅದರ ಎಲೆ ಸಣ್ಣಗಾಗಿ ಹಳದಿಗೆ ತಿರುಗತೊಡಗಿತು. ನೀರು ಸಾಲದೇನೋ ಎಂದು ಪೈಪಮ್ಮ ದಿನಾ ಎರಡು ಪಟ್ಟು ಬಿಟ್ಟಳು. ನೀರು ಇಂಗಲೇ ಇಲ್ಲ. ಪಾತಿಯಲ್ಲಿ ಕಪ್ಪಗೆ ನಿಂತು, ಕೊಳೆತ ಮೊಟ್ಟೆಯ ನಾತ ಹೊಡೆಯಿತು. ಒಂದು ಬೆಳಿಗ್ಗೆ ಮಣ್ಣು ಕೆದಕಿ ಬೇರು ಹಿಡಿದೆಳೆದರೆ, ಅದರ ಸಿಪ್ಪೆ ಲೋಳೆಯಾಗಿ, ಒದ್ದೆ ಕಾಲುಚೀಲದಂತೆ ಕಳಚಿ ಕೈಗೆ ಬಂತು.

ಆಗ ತಲೆಯೆತ್ತಿ ಕಾಂಡ ನೋಡಿದಳು. ಎದೆಮಟ್ಟದಲ್ಲಿ ತಂಗಿಯ ಗಂಡನ ಅಂಗಡಿಯ ಬಟ್ಟೆ ಬ್ಯಾನರು ಸುತ್ತಿತ್ತು: ಕಣ್ಣಿನ ತಪಾಸಣೆ ಉಚಿತ. ಹಗ್ಗ ಬಿಚ್ಚಿದಳು.

ಒಳಗೆ ಒಂದು ಗೇಣಿನ ಅಗಲಕ್ಕೆ ಸುತ್ತಲೂ ತೊಗಟೆಯೇ ಇರಲಿಲ್ಲ. ಬೆತ್ತಲೆ ಕಟ್ಟಿಗೆಗೆ ಕಂದು ಬಣ್ಣ ಬಳಿದಿತ್ತು. ಮೇಲಿನ ಅಂಚು ತುಟಿಯಂತೆ ಊದಿ, ಅಂಟು ರಸ ಒಸರಿ, ಅದರಲ್ಲಿ ಬಿಳಿ ಹುಳಗಳು ಮಿಜಿಗುಡುತ್ತಿದ್ದವು. ಬಣ್ಣ ಆಕೆಗೆ ಗುರುತು ಸಿಕ್ಕಿತು. ಅಂಗಡಿ ಬಾಗಿಲಿನದೇ.

"ಮರಕ್ಕೆ ಹುಳ ಬಿದ್ದಿತ್ತು ಅಕ್ಕ, ಔಷಧಿ ಹಚ್ಚಿದೆ ಅಷ್ಟೇ," ಎಂದ ತಂಗಿಯ ಗಂಡ, ಗಾಜು ಒರೆಸುವುದನ್ನು ನಿಲ್ಲಿಸದೆ.

"ಬಾಗಿಲಿಗೂ ಅದೇ ಹುಳ ಬಿದ್ದಿತ್ತಾ?"

ಅವನು ನಕ್ಕ. "ಈ ಮರದಿಂದ ಅಂಗಡಿ ಬೋರ್ಡೇ ಕಾಣಲ್ಲ ಅಕ್ಕ, ಏನು ಮಾಡ್ಲಿ? ಕಡಿದಿಲ್ಲವಲ್ಲ ನಾನು. ಇಷ್ಟು ತಿಂಗಳು ಹಸಿರಾಗೇ ಇತ್ತು, ನೀರು ಮೇಲೆ ಹೋಗ್ತಾನೇ ಇತ್ತು."

"ನೀರು ಹತ್ತೋದು ಒಳಗಿನ ಕಟ್ಟಿಗೇಲಿ. ಎಲೆ ಬಿಸಿಲಲ್ಲಿ ಮಾಡಿದ ಊಟ ಕೆಳಗಿಳಿಯೋದು ತೊಗಟೇಲಿ. ಅದನ್ನೇ ಸುಲಿದುಬಿಟ್ಟೆ. ಮೇಲೆ ಅಡುಗೆ ಆಗ್ತಾನೇ ಇತ್ತು, ಕೆಳಗೆ ಬೇರು ಹಸಿದು ಸತ್ತಿದೆ. ಸತ್ತ ಬೇರಿಗೆ ದಿನಾ ನೀರು ಹೊಯ್ದಿದೀನಿ ನಾನು, ಪೆದ್ದಿ!"

ತಂಗಿ ಒಳಗಿಂದ ಚಹಾ ತಂದಳು. "ಒಂದು ಮರಕ್ಕೆ ಇಷ್ಟು ರಂಪ ಯಾಕಕ್ಕಾ? ಬಣ್ಣ ನಾನೇ ಹಚ್ಚಿದ್ದು. ಚೆನ್ನಾಗಿ ಹೊಂದಿತ್ತಲ್ವಾ? ಬ್ಯಾನರು ಕಟ್ಟೋ ಮುಂಚೆನೂ ನಿನಗೇ ಗೊತ್ತಾಗಲಿಲ್ಲ ನೋಡು!"

ಅದನ್ನು ಹೇಳುವಾಗ ತಂಗಿಯ ಮುಖದಲ್ಲಿ ಹೆಮ್ಮೆಯಿತ್ತು. ಇಷ್ಟು ವರ್ಷ ಊರಿನ ಎಂಜಲು ಬಳಿದರೂ ಪೈಪಮ್ಮನಿಗೆ ವಾಂತಿಯಾಗಿರಲಿಲ್ಲ. ಅಂದು ಚರಂಡಿ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಎರಡು ಸಲ ವಾಂತಿ ಮಾಡಿದಳು.

"ಕಡಿಸಿಬಿಡೋಣ," ಎಂದ ಮರ ನೋಡಲು ಬಂದ ಆಕೆಯ ಮೇಲ್ವಿಚಾರಕ.

"ಒಂದು ಸಲ ನೋಡ್ತೀನಿ ಸಾರ್," ಎಂದಳು.

ಹುಳಗಳನ್ನು ಉಗುರಿನಲ್ಲಿ ಕೆರೆದು ತೆಗೆದಳು. ಅದೇ ಮರದ ಆರು ಎಳೆ ರೆಂಬೆ ಕೊಯ್ದು, ಗಾಯದ ಮೇಲೆ ಸೇತುವೆಯಂತೆ ಇಟ್ಟು, ಎರಡು ತುದಿಯನ್ನೂ ಮೇಲಿನ ಮತ್ತು ಕೆಳಗಿನ ತೊಗಟೆಯೊಳಗೆ ತೂರಿಸಿದಳು. ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದು ಮೇಣ ಮೆತ್ತಿದಳು. ಆರರಲ್ಲಿ ಮೂರು ಹಿಡಿದವು. ಅವುಗಳ ಮೂಲಕ, ಇನ್ನೂ ಜೀವವಿದ್ದ ಬೇರುಗಳಿಗೆ ಮತ್ತೆ ಅನ್ನ ಇಳಿಯಿತು. ಆದರೆ ಅಂಗಡಿ ಕಡೆಯ ಅರ್ಧ ಮರ ಅಷ್ಟರಲ್ಲೇ ಒಣಗಿತ್ತು. ಕೊಂಬೆ ಮುರಿದು ಜನರ ಮೇಲೆ ಬಿದ್ದೀತೆಂದು ಅದನ್ನು ಆಕೆಯ ಕಣ್ಣೆದುರೇ ಕತ್ತರಿಸಿ ಹಾಕಿದರು.

ಬೋರ್ಡು ಈಗ ಬೀದಿಯ ತುದಿಯಿಂದಲೂ ಕಾಣುತ್ತಿತ್ತು. ತಂಗಿಯ ಗಂಡ ಬಾಗಿಲಿಗೆ ಬಂದು, "ಬಹಳ ಉಪಕಾರ ಆಯ್ತು ಅಕ್ಕ," ಎಂದ, ನಿಜವಾಗಿಯೂ ಖುಷಿಯಿಂದ. ಪೈಪಮ್ಮ ಪೈಪನ್ನು ಹೆಗಲಿಗೇರಿಸಿ ಮುಂದಿನ ಮರಕ್ಕೆ ಹೋದಳು. ಆಮೇಲೆ ತಂಗಿಯ ಮನೆಯ ಹೊಸಿಲು ತುಳಿಯಲಿಲ್ಲ.