ಗುರುಗಳ ಎಡಗೈ

ಹರಿಣಿ ಚಿಕ್ಕಬಳ್ಳಾಪುರದ ಒಂದು ಲ್ಯಾಬಿನಲ್ಲಿ ರಕ್ತಪರೀಕ್ಷೆ ಮಾಡುವವಳು. ಬೆಳಿಗ್ಗೆ ಅವಳು ಚಿಂತಾಮಣಿಯಲ್ಲಿ ಬಸ್ಸು ಹತ್ತಿದರೆ ಶಿಡ್ಲಘಟ್ಟದಲ್ಲಿ ಮೌನಿಕಾ ಬಂದು ಪಕ್ಕದಲ್ಲಿ ಕೂರುತ್ತಿದ್ದಳು. ಮೌನಿಕಾಗೆ ಚಿಕ್ಕಬಳ್ಳಾಪುರದಲ್ಲೇ ಕಾಲೇಜಿನ ಆಫೀಸು ಕೆಲಸ. ಇಬ್ಬರನ್ನೂ ಗೆಳತಿಯರನ್ನಾಗಿಸಿದ್ದು ಒಂದು ಮಾಂಗಾ, ಜಪಾನಿನ ಚಿತ್ರಕಥೆ. ಹಳೆಯ ಕಾಲದ ಕೋಟೆಯೂರೊಂದರಲ್ಲಿ ಕಾಗದ ಮಾಡುವವನ ಮಗಳು ಕೊಲೆಗಳ ಗುಟ್ಟು ಬಿಡಿಸುವ ಕಥೆ. ಅದಿನ್ನೂ ಮುಗಿದಿಲ್ಲ, ಸಂಪುಟಗಳು ಬರುತ್ತಲೇ ಇವೆ. ಹರಿಣಿ ತರಿಸುವಳು, ಇಬ್ಬರೂ ಒಂದೇ ಪುಸ್ತಕಕ್ಕೆ ತಲೆ ಬಗ್ಗಿಸುವರು. ಬಸ್ಸಿನಾಚೆ ಯಾರೂ ಓದುವಂತಿಲ್ಲ, ಕೊಲೆಗಾರ ಯಾರೆಂದು ಊಹಿಸದೆ ಪುಟ ತಿರುಗಿಸುವಂತಿಲ್ಲ ಎಂಬುದು ಅವರ ಒಪ್ಪಂದ. ಮೌನಿಕಾಳ ಊಹೆ ತಪ್ಪಿದ್ದೇ ಇಲ್ಲ. ಲ್ಯಾಬಿನಲ್ಲೂ ಹರಿಣಿ ಅವಳ ಬುದ್ಧಿಯನ್ನೇ ಹೊಗಳುತ್ತಿದ್ದಳು.

ಹೊಸ ಸಂಪುಟದಲ್ಲಿ ಒದ್ದೆ ಕಾಗದದ ಮೇಲೆ ಕೊಲೆಗಾರನ ಕೈಗುರುತು ಸಿಕ್ಕಿತ್ತು. ಅದರಲ್ಲಿ ನಾಲ್ಕೇ ಬೆರಳು.

"ಗುರುಗಳೇ ಕಣೇ," ಎಂದಳು ಮೌನಿಕಾ. "ಅವ್ರ ಎಡಗೈಗೆ ಕಿರುಬೆರಳಿಲ್ವಲ್ಲ."

ನಾಯಕಿಗೆ ಅಕ್ಷರ ಕಲಿಸಿದ ಆ ಮುದುಕನೆಂದರೆ ಹರಿಣಿಗೆ ಪ್ರಾಣ. "ಅವ್ರಾಗಿರಲ್ಲ ಬಿಡು," ಎಂದು ಪುಸ್ತಕ ಮುಚ್ಚಿದಳು.

ಮರುದಿನ ಓದುವಾಗ ಗುರುಗಳೇ ಸಿಕ್ಕಿಬಿದ್ದರು. ಹಿಡಿದವರು ಅಂಗಿಯ ಉದ್ದ ತೋಳಿನೊಳಗಿಂದ ಅವರ ಎಡಗೈಯನ್ನು ಎಳೆದು ತೋರಿಸಿದ್ದರು. ಕಿರುಬೆರಳಿರಲಿಲ್ಲ. ಹರಿಣಿ ಒಂದೊಂದೇ ಪುಟ ಹಿಂದಕ್ಕೆ ತಿರುಗಿಸಿದಳು. ಅದಕ್ಕೂ ಮುಂಚೆ ಆ ಕೈ ಎಲ್ಲೂ ಹೊರಗೆ ಕಂಡೇ ಇರಲಿಲ್ಲ.

"ಬೆರಳಿಲ್ಲ ಅಂತ ನಿನ್ನೆ ಹೆಂಗೆ ಹೇಳ್ದೆ?"

ಮೌನಿಕಾ ಕಿಟಕಿಯ ಕಡೆ ನೋಡಿದಳು. "ಪುಸ್ತಕಕ್ಕಿಂತ ಮುಂಚೆನೇ ಕಥೆ ಫೋನಲ್ಲಿ ಬಂದಿತ್ತು. ಓದಿದ್ದೆ."

"ಇದೊಂದೇನಾ?"

"ಎಲ್ಲಾನೂ. ನೀನು ಅಷ್ಟು ಹೊಗಳ್ತಿದ್ದೆ... ಆಮೇಲೆ ಹೇಳಕ್ಕೆ ಬಾಯೇ ಬರ್ಲಿಲ್ಲ ಕಣೇ."

ತಾನು ತಪ್ಪು ಹೆಸರು ಹೇಳಿದಾಗಲೆಲ್ಲ ಮೌನಿಕಾ ನಕ್ಕು, "ಇನ್ನೊಂದ್ಸಲ ಯೋಚ್ನೆ ಮಾಡಮ್ಮ," ಎನ್ನುತ್ತಿದ್ದುದು ಹರಿಣಿಗೆ ನೆನಪಾಯಿತು. ಆಗ ಅದು ಸಲಿಗೆಯಂತೆ ಕಂಡಿತ್ತು. ಈಗ ಮುಖವೆಲ್ಲ ಬಿಸಿಯಾಯಿತು.

"ನಾನು ಪೆದ್ದಿ ಥರ ಕೂತಿರ್ತಿದ್ದೆ, ನೀನು ನೋಡ್ತಿದ್ದೆ," ಎಂದಷ್ಟೇ ಹೇಳಿ, ಚಿಕ್ಕಬಳ್ಳಾಪುರ ಬಂದೊಡನೆ ಅವಳಿಗಾಗಿ ಕಾಯದೆ ಇಳಿದು ಹೋದಳು.

ಆಮೇಲೆ ಹರಿಣಿ ಮುಂಚಿನ ಬಸ್ಸು ಹಿಡಿಯತೊಡಗಿದಳು. ಅದೇ ಸಂಪುಟವನ್ನು ಮೊದಲಿಂದ ಒಬ್ಬಳೇ ಓದಿದಳು. ಚಿತ್ರಕಾರ ಪ್ರತಿ ಸಲವೂ ಗುರುಗಳ ಕೈಯನ್ನು ಎಷ್ಟು ಸಹಜವಾಗಿ ಮರೆಮಾಡಿದ್ದನೆಂದು ಬೆರಗಾದಳು. ಮೋಸಹೋಗಿದ್ದಕ್ಕೆ ಪುಸ್ತಕದ ಮೇಲೆ ಸಿಟ್ಟೇ ಬರಲಿಲ್ಲ. ಒಂದು ಕಡೆ ಖುಷಿಗೆ ಮೊಣಕೈಯಿಂದ ಪಕ್ಕದವರನ್ನು ತಿವಿಯಲು ಹೋಗಿ, ಗುರುತಿಲ್ಲದ ಹೆಂಗಸೆಂದು ಕೈ ಹಿಂದಕ್ಕೆ ಎಳೆದುಕೊಂಡಳು.

ಒಂದು ಸಂಜೆ ಮೌನಿಕಾಳ ಮೆಸೇಜು ಬಂತು: "ಮುಂದಿನ ಸಂಪುಟ ಇನ್ನೂ ಎಲ್ಲೂ ಬಂದಿಲ್ಲ. ನಂಗೂ ಏನೂ ಗೊತ್ತಿಲ್ಲ. ಜೊತೇಲಿ ಓದಣ?"

ಅದು ನಿಜವೋ ಸುಳ್ಳೋ ಹರಿಣಿಗೆ ಹೇಳಲಾಗಲಿಲ್ಲ. ಉತ್ತರ ಬರೆಯದೆ ಫೋನನ್ನು ಬ್ಯಾಗಿಗೆ ಹಾಕಿದಳು.