ಗಾಲಿ ಕಾಣದ ಊರು

ಮೈಸೂರಿಗೆ ಹೋಗುವುದೋ ಬೇಡವೋ ಎಂಬ ಮಾತು ನಮ್ಮ ಮನೆಯಲ್ಲಿ ಎದ್ದಾಗ ಅದು ಬಲು ಸುಲಭದ ವಿಷಯವೆಂದು ನಾನು ತಿಳಿದಿದ್ದೆ. ಆಗ ನನಗೆ ಹದಿನೇಳು. ಹೈಸ್ಕೂಲು ಆಗಷ್ಟೇ ಮುಗಿದಿತ್ತು. ರಾಬರ್ಟ್‌ಸನ್‌ಪೇಟೆಯ ನಮ್ಮ ಶಾಲೆಯಲ್ಲಿ ಶನಿವಾರ ಶನಿವಾರ ಚರ್ಚಾಕೂಟ ನಡೆಯುತ್ತಿತ್ತು. ಹೆಡ್‌ಮಾಸ್ತರು ತಮ್ಮ ಟೋಪಿಯಲ್ಲಿ ಚೀಟಿ ಹಾಕಿ ಎತ್ತಿಸುತ್ತಿದ್ದರು. ಪರ ಎಂದು ಬಂದರೆ ಪರ, ವಿರೋಧ ಎಂದು ಬಂದರೆ ವಿರೋಧ, ಯೋಚನೆಗೆ ಐದೇ ನಿಮಿಷ. ಮೂರು ವರ್ಷ ಹೀಗೆ ಪಳಗಿ ನನಗೊಂದು ಚಾಳಿ ಅಂಟಿಕೊಂಡಿತ್ತು. ಯಾರು ಏನೇ ಹೇಳಲಿ, ಬಾಯಿ ತಾನಾಗಿ ಎದುರು ಪಕ್ಷಕ್ಕೆ ಹೋಗುತ್ತಿತ್ತು. ಅಮ್ಮ ದೃಷ್ಟಿ ತೆಗೆಯಲು ಮೆಣಸಿನಕಾಯಿ ಹಿಡಿದರೆ, ಘಾಟು ಬಂದರೂ ದೃಷ್ಟಿ, ಬರದಿದ್ದರೂ ದೃಷ್ಟಿ, ಹಾಗಾದರೆ ಪರೀಕ್ಷೆ ಎಲ್ಲಿ ಬಂತು ಎಂದು ಕೇಳುತ್ತಿದ್ದೆ. ಅವಳು ಆ ಪ್ರಶ್ನೆಯನ್ನೂ ಸೇರಿಸಿ ನಿವಾಳಿಸಿ ಒಲೆಗೆ ಹಾಕುತ್ತಿದ್ದಳು.

ಅಪ್ಪ ಚಿನ್ನದ ಗಣಿಯೊಳಗೆ ಮೇಸ್ತ್ರಿ. ಬಂಡೆ ಕುಸಿಯದಂತೆ ಮರದ ದಿಮ್ಮಿಗಳ ಆಸರೆ ಕೊಡುವ ಗುಂಪು ಅವನ ಕೈಕೆಳಗಿತ್ತು. ಬಂಗಾರಪೇಟೆಯ ಹತ್ತಿರದ ಹಳ್ಳಿಯಿಂದ ಹುಡುಗನಾಗಿದ್ದಾಗಲೇ ಬಂದು ಸೇರಿದವನು. ನಾವಿದ್ದದ್ದು ಆಳುಗಳಿಗೆಂದು ಕಂಪನಿ ಕಟ್ಟಿಸಿಕೊಟ್ಟ ಸಾಲುಮನೆ, ಲೈನಿನ ಮನೆಯಲ್ಲಿ, ಅಪ್ಪ, ಅಮ್ಮ, ನಾನು, ಮೂವರೇ.

ಬೆಳಗಿನ ಪಾಳಿ ಮುಗಿಸಿ ಬಂದು ಮುದ್ದೆ ಮುರಿಯುತ್ತ ಒಂದು ದಿನ ಅಪ್ಪ ಹೇಳಿದ: "ಮೈಸೂರ್ನಾಗೆ ನಮ್ ತಂಗಿ ಮನೆ ಪಕ್ಕ ಎರಡು ಕೋಣೆ ಖಾಲಿ ಆಗ್ತೈತಂತೆ. ಇವಳು ಕಾಲೇಜ್ಗೆ ಸೇರ್ಲಿ. ನೀನೂ ಓಗಿ ಜತೇಲಿರು."

ಅಮ್ಮ ಸೌಟು ಹಿಡಿದವಳು ಹಾಗೇ ನಿಂತಳು. "ನೀವು?"

"ನಾನ್ ಇಲ್ಲೇ. ತಿಂಗ್ಳಿಗೊಂದ್ ಕಿತ ಬತ್ತೀನಿ."

"ಹಾಸ್ಟೆಲ್ ಇದೆಯಲ್ಲಪ್ಪ, ಹುಡುಗಿಯರದ್ದೇ," ಎಂದೆ ನಾನು.

"ಎಣ್ ಮಗೂನ ಒಬ್ಳನ್ನೇ ಆಸ್ಟ್ಲಾಗೆ ಬಿಟ್ಟು ಬರಾಕಾಯ್ತದಾ? ಅಮ್ಮ ಬಂದ್ರೆ ಕಾಲೇಜು, ಇಲ್ದಿದ್ರೆ ಇಲ್ಲ. ತಿಂಗಳ ಕೊನೇಲಿ ತಂಗಿಗೆ ಏಳ್ಬೇಕು."

ಹೆಂಡತಿ ಮಕ್ಕಳು ಊರು ಬಿಟ್ಟರೆ ಲೈನಿನ ಮನೆಯನ್ನು ಬೇರೆ ಸಂಸಾರಕ್ಕೆ ಕೊಡುತ್ತಿದ್ದರು. ಅಪ್ಪ ಒಂಟಿ ಆಳುಗಳ ಶೆಡ್ಡಿಗೆ ಹೋಗಬೇಕಾಗುತ್ತಿತ್ತು. ಅದೂ ಗೊತ್ತಿದ್ದೇ ನಾನು ಎದ್ದು ನಿಂತು ವಾದ ಶುರುಮಾಡಿದೆ. ಇಲ್ಲಿ ನನ್ನಂಥವಳಿಗೆ ಮುಂದಿನ ಓದಿಲ್ಲ. ಅಪ್ಪನೂ ನಾಲ್ಕು ವರ್ಷ ಕಳೆದು ಕೆಲಸ ಬಿಟ್ಟರೆ ಅಲ್ಲಿಗೇ ಬರಬಹುದು. ಎಲ್ಲಕ್ಕಿಂತ ಹೆಚ್ಚಾಗಿ, ಮೈಸೂರಿನಲ್ಲಿ ನೆಲ ನಡುಗುವುದಿಲ್ಲ.

"ಏಳಮ್ಮ ವಕೀಲಮ್ಮ, ಇನ್ನೂ ಏನೇನೈತೋ ಏಳು," ಎಂದು ಅಪ್ಪ ನಕ್ಕ.

ಅಮ್ಮ ನಗಲಿಲ್ಲ. "ಅಲ್ಲಿಂದ ಗಾಲಿ ಕಾಣ್ತದಾ?" ಎಂದು ಕೇಳಿದಳು.

ಗಾಲಿಯ ವಿಷಯ ಹೇಳಬೇಕು. ಗಣಿಯ ಆಳದಲ್ಲಿ ಬಂಡೆ ಒಮ್ಮೊಮ್ಮೆ ತಾನಾಗಿಯೇ ಸಿಡಿಯುತ್ತದೆ. ಸಿಡಿಮದ್ದು ಇಟ್ಟಿರುವುದಿಲ್ಲ, ಮುನ್ಸೂಚನೆಯಿಲ್ಲ. ಮೇಲೆ ನಮ್ಮ ಮನೆಯ ತಗಡು ಅದುರುತ್ತದೆ, ಹಲಗೆಯ ಮೇಲಿನ ಪಾತ್ರೆಗಳು ಗಲಗಲ ಅನ್ನುತ್ತವೆ. ನಾವು ಅದನ್ನು ಬ್ಲಾಸ್ಟು ಎನ್ನುತ್ತೇವೆ. ಬ್ಲಾಸ್ಟಾದ ಕೂಡಲೇ ಲೈನಿನ ಹೆಂಗಸರೆಲ್ಲ ಒಲೆಯ ಮೇಲಿದ್ದದ್ದನ್ನು ಕೆಳಗಿಳಿಸಿ ಹೊರಗೆ ಬಂದು ಗಣಿಗೆ ಇಳಿಯುವ ಬಾವಿಯ, ಅಂದರೆ ಶಾಫ್ಟಿನ ನೆತ್ತಿಯ ದೊಡ್ಡ ಗಾಲಿಯನ್ನು ನೋಡುತ್ತಾರೆ. ಆಳುಗಳನ್ನು ಇಳಿಸಿ ಏರಿಸುವ ಕೇಜಿನ ಹಗ್ಗ ಓಡುವುದು ಅದರ ಮೇಲೆ. ಗಾಲಿ ಎಂದಿನ ಹಾಗೆ ತಿರುಗುತ್ತಿದ್ದರೆ ಒಳಗೆ ಹೋಗಿ ಅಡುಗೆ ಮುಂದುವರಿಸುತ್ತಾರೆ. ನಿಂತಿದ್ದರೆ ಶಾಫ್ಟಿನ ಬಾಯಿಗೆ ಓಡುತ್ತಾರೆ. ತನ್ನ ಗಂಡಸು ಮೇಲೆ ಬಂದದ್ದನ್ನು ಕಣ್ಣಾರೆ ಕಾಣುವವರೆಗೆ ಯಾರೂ ಒಲೆಗೆ ಮತ್ತೆ ಪಾತ್ರೆ ಏರಿಸುವುದಿಲ್ಲ.

ನಾನು ಇದನ್ನೂ ಬಿಟ್ಟಿರಲಿಲ್ಲ. "ನೀನು ನೋಡಿದರೆ ಬಂಡೆ ನಿಲ್ಲುತ್ತದೆಯೇನಮ್ಮ?"

"ಬಂಡೆ ನಿಲ್ಲಾಕಲ್ಲ ಕಣೇ ನೋಡಾದು," ಎಂದಳು ಅಮ್ಮ. "ನಾನು ನಿಲ್ಲಾಕೆ."

ಇದು ಉತ್ತರವೇ ಅಲ್ಲ ಎಂದು ನಾನು ತೀರ್ಪು ಕೊಟ್ಟೆ. ಕೊನೆಗೆ, ಮನೆಯನ್ನು ಒಮ್ಮೆ ನೋಡಿ ಬರುವುದು, ಆಮೇಲೆ ನಿರ್ಧಾರ ಎಂದಾಯಿತು. ಅಪ್ಪನಿಗೆ ರಜೆ ಇರಲಿಲ್ಲ. ನಾನೂ ಅಮ್ಮನೂ ಮಾರಿಕುಪ್ಪಂನಲ್ಲಿ ರೈಲು ಹತ್ತಿದೆವು. ಬಂಗಾರಪೇಟೆಯಲ್ಲಿ ಬೆಂಗಳೂರಿನ ಗಾಡಿ ಕಾಯುವಾಗ ಸೋದರಮಾವ ಒಂದು ಗಂಟು ಕಡಲೆಕಾಯಿ ಹಿಡಿದು ಪ್ಲಾಟ್‌ಫಾರಂಗೆ ಬಂದ. ಬೇಸಾಯದವನು, ಬಾಯಿ ಜೋರು.

"ಏನಮ್ಮಣ್ಣಿ, ಮೈಸೂರ್ಗೋಗಿ ಜಡ್ಜಾಗ್ತೀಯಂತೆ?"

"ಆದರೆ ಮೊದಲ ಮೊಕದ್ದಮೆ ನಿನ್ನದೇ ಮಾವ, ಪಕ್ಕದ ಹೊಲದ ಬದು ಒತ್ತಿದ್ದಕ್ಕೆ."

"ನೋಡ್ದ್ಯಾ ನಿನ್ ಮಗಳ ಬಾಯ!" ಎಂದು ಅಮ್ಮನ ಕಡೆ ತಿರುಗಿದ. "ನಮ್ಮನೆಗೆ ಸೊಸೆ ಮಾಡ್ಕಬೇಕು ಅಂದ್ಕಂಡಿದ್ದೆ. ಬ್ಯಾಡ ಬಿಡು, ಎತ್ತುಗಳೂ ಇವಳ ಜತೆ ವಾದಕ್ಕೆ ನಿಂತ್ರೆ ಉಳುಮೆ ಯಾರು ಮಾಡಾದು?" ಆಮೇಲೆ ದನಿ ತಗ್ಗಿಸಿದ. "ಭಾವನ್ನ ಒಬ್ರನ್ನೇ ಬಿಟ್ಟೋಯ್ತೀರಾ? ಅಷ್ಟು ಕೆಳಗೆ ಇಳಿಯೋ ಮನುಷ್ಯನ್ನ?"

ಅಮ್ಮ ಕಡಲೆಕಾಯಿ ಗಂಟನ್ನು ಬೆಂಗಳೂರಿನವರೆಗೂ ಬಿಚ್ಚಲಿಲ್ಲ.

ಮೈಸೂರು ನನಗೆ ಕಂಡ ಕೂಡಲೇ ಹಿಡಿಸಿತು. ಮರಗಳ ನೆರಳಿನ ಅಗಲ ರಸ್ತೆ, ಸೈಕಲ್ಲಿನ ಮೇಲೆ ಪುಸ್ತಕ ಕಟ್ಟಿಕೊಂಡು ಹೋಗುವವರು, ಕಾಲೇಜಿನ ಕಂಬಗಳ ಹತ್ತಿರ ಸೀರೆ ಉಟ್ಟ ಇಬ್ಬರು ಹುಡುಗಿಯರು ಯಾವುದಕ್ಕೋ ಜಗಳವಾಡುತ್ತ ನಗುತ್ತಿದ್ದರು. ನಾನು ಆ ಜಗಳದಲ್ಲಿ ಮೂರನೆಯವಳಾಗಲು ಅಲ್ಲೇ ತಯಾರಿದ್ದೆ. ಅತ್ತೆಯ ಮನೆ ಊರಿನ ಅಂಚಿನ ಬಡಾವಣೆಯಲ್ಲಿತ್ತು. ಪಕ್ಕದ ಎರಡು ಕೋಣೆ ಚೊಕ್ಕವಾಗಿದ್ದವು, ಬೀದಿಯಲ್ಲೇ ನಲ್ಲಿ. ಅಮ್ಮ ಗೋಡೆಗೆ ಅಂಗೈ ಊರಿ ತುಸು ಹೊತ್ತು ನಿಂತಳು, ಜ್ವರ ನೋಡುವವಳ ಹಾಗೆ.

ಎರಡನೆಯ ದಿನ ಬೆಳಗ್ಗೆ ಅಮ್ಮ ಅತ್ತೆಯ ಒಲೆಯ ಮುಂದೆ ಕೂತು ಅನ್ನ ಬೇಯಿಸುತ್ತಿದ್ದಳು. ನಾನು ಅಕ್ಕಿಹಿಟ್ಟು ಜರಡಿ ಹಿಡಿಯುತ್ತಿದ್ದೆ. ಇದ್ದಕ್ಕಿದ್ದ ಹಾಗೆ ಹಲಗೆಯ ಮೇಲಿನ ಲೋಟಗಳು ಗಲಗಲ ಅಂದವು. ಕಾಲಡಿ ನೆಲ ಗುಂಯ್ ಎಂದಿತು. ಅಮ್ಮ ಅನ್ನದ ತಪ್ಪಲೆಯನ್ನು ಕೆಳಗಿಳಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೀದಿಗೆ ಓಡಿದಳು. ಓಡಿ, ಪೂರ್ವ ದಿಕ್ಕಿಗೆ ಕತ್ತೆತ್ತಿ ನಿಂತಳು.

"ಯಾವ ಶಾಫ್ಟು? ಯಾವ ಶಾಫ್ಟು?" ಎಂದು ನಲ್ಲಿಯ ಹತ್ತಿರವಿದ್ದ ಹೆಂಗಸರನ್ನು ಕೇಳಿದಳು.

ಅವರು ಕೊಡ ಹಿಡಿದು ಬೆಪ್ಪಾಗಿ ನೋಡಿದರು. ಅಷ್ಟರಲ್ಲಿ ತಿರುವಿನಿಂದ ರಸ್ತೆ ಸಮ ಮಾಡುವ ರೋಲರು ಹೊಗೆ ಉಗುಳುತ್ತ ಬಂತು. ಯಾರೋ ಕಿಸಕ್ಕೆಂದು ನಕ್ಕರು. ಅತ್ತೆ ನಾಚಿಕೆಯಿಂದ ಓಡಿಬಂದು, "ಅತ್ತಿಗೆ, ರೋಲರು ಕಣ್ರೀ, ಬರೀ ರೋಲರು. ಒಳಗ್ ಬನ್ನಿ," ಎಂದು ಅಮ್ಮನ ತೋಳು ಹಿಡಿದಳು.

ನಾನು ನಗುವವರ ಜತೆ ನಗಬಹುದಿತ್ತು. ಆದರೆ ನಾನೂ ಬೀದಿಯಲ್ಲಿದ್ದೆ. ಕೈಯಲ್ಲಿ ಜರಡಿ ಹಾಗೇ ಇತ್ತು, ಹಿಟ್ಟು ಹೊಸಿಲಿನಿಂದ ರಸ್ತೆಯವರೆಗೆ ಚೆಲ್ಲಿತ್ತು. ನಾನೂ ಪೂರ್ವಕ್ಕೆ ನೋಡುತ್ತಿದ್ದೆ. ಅಲ್ಲಿ ಒಂದು ಮರ, ಅದರಾಚೆ ಬರಿಯ ಆಕಾಶ.

ಅಮ್ಮ ಆ ದಿನ ಊಟ ಮಾಡಲಿಲ್ಲ. "ರೋಲರೇ ಇರ್ಬೋದು," ಎಂದಳು. "ಅದೇ ಒತ್ನಲ್ಲಿ ಅಲ್ಲೂ ಏನಾರ ಆಗಿದ್ರೆ?"

"ಒಂದಕ್ಕೂ ಇನ್ನೊಂದಕ್ಕೂ ಏನು ಸಂಬಂಧ?" ಎಂದೆ.

"ಸಂಬಂಧ ಇಲ್ಲ ಅಂತ ನಂಗೂ ಗೊತ್ತು ಕಣೇ. ಆಗಿಲ್ಲ ಅಂತ ಎಂಗೆ ಏಳ್ತೀಯ, ಅದ್ನ ಏಳು."

ಆ ಹೊತ್ತಿಗೆ ಮೊದಲ ಬಾರಿಗೆ ನನಗೆ ನಿಜವಾದ ಹೆದರಿಕೆ ಹತ್ತಿತು. ಲೈನಿನಲ್ಲಿ ಭಯಕ್ಕೊಂದು ಹೊತ್ತಿತ್ತು. ನೆಲ ನಡುಗಿದಾಗ ಬರುತ್ತಿತ್ತು, ಅಪ್ಪ ಕಂಡ ಕೂಡಲೇ ಹೋಗುತ್ತಿತ್ತು. ಇಲ್ಲಿ ನಡುಗುವುದೇ ಇಲ್ಲ. ಹಾಗಾದರೆ ಭಯ ಯಾವಾಗ ಬರಬೇಕು? ಎಲ್ಲ ಹೊತ್ತಿನಲ್ಲೂ ಇರಬಹುದು. ಅಪ್ಪ ಕಾಗದ ಬರೆಸಿದರೆ ಮೊನ್ನೆ ಬದುಕಿದ್ದ ಎಂದಷ್ಟೇ ಅದು ಸಾಬೀತು ಮಾಡುತ್ತದೆ. ಇವತ್ತಿನ ವಿಷಯದಲ್ಲಿ ಅದು ಸಾಕ್ಷಿಯೇ ಅಲ್ಲ. ಇನ್ನು ತಂತಿ ಬರುವುದು ಯಾತಕ್ಕೆಂದು ಎಲ್ಲರಿಗೂ ಗೊತ್ತು. ನೆಲ ನಡುಗುವುದಿಲ್ಲ ಎಂಬ ನನ್ನ ಅತಿ ಬಲವಾದ ವಾದವೇ ನನ್ನ ಕುತ್ತಿಗೆ ಹಿಡಿದಿತ್ತು.

ವಾಪಸು ಬರುವ ರೈಲಿನಲ್ಲಿ ನಾನು ಒಂದೂ ಮಾತಾಡಲಿಲ್ಲವೆಂದು ಅಮ್ಮ ನನ್ನ ಹಣೆ ಮುಟ್ಟಿ ನೋಡಿದಳು.

ಮನೆಗೆ ಬಂದ ಮೇಲೆ ಅಮ್ಮ ಅಪ್ಪನಿಗೆ ನೇರವಾಗಿ ಹೇಳಿದಳು: "ನಾನು ಓಗಲ್ಲ. ಇವಳು ಬೇಕಾದ್ರೆ ಆಸ್ಟ್ಲಾಗೆ ಇದ್ದು ಓದ್ಲಿ."

"ಒಬ್ಳೇನಾ?"

"ನೀವು ದಿನಾ ಕೆಳಗಿಳಿಯಾದು ಯಾರ ಜತೆ? ಎಂಡ್ತಿ ಜತೆಗಾ?"

ಅಪ್ಪ ಬೇಡವೆನ್ನದೆ ಎಲೆಅಡಿಕೆ ಬಾಯಿಗಿಟ್ಟುಕೊಂಡ. ನಾನು ಕೇಳಿದ್ದೇ ನನಗೆ ಸಿಗುವ ಹಾಗಿತ್ತು. ಆಗ ನಾನು, ಚರ್ಚಾಕೂಟದಲ್ಲಿ ಒಮ್ಮೆಯೂ ಸೋಲೊಪ್ಪದವಳು, "ನಾನೂ ಹೋಗುವುದಿಲ್ಲ," ಎಂದೆ. ಯಾಕೆ ಎಂದು ಅಪ್ಪ ಕೇಳಿದ. ಇಲ್ಲೇ ಟೀಚರಮ್ಮನಾಗುತ್ತೇನೆ ಎಂದೆ. ಸುಳ್ಳು ಎಷ್ಟು ಬಡಕಲಾಗಿತ್ತೆಂದರೆ ಅಪ್ಪ ಅದನ್ನು ತಿರುಗಿ ಕೇಳುವ ಗೋಜಿಗೂ ಹೋಗಲಿಲ್ಲ. ಅಮ್ಮ ಮಾತ್ರ ನನ್ನನ್ನು ಬಹಳ ಹೊತ್ತು ನೋಡಿದಳು.

ಅತ್ತೆಗೆ ಕಾಗದ ಬರೆಯಲು ಎರಡು ದಿನ ಉಳಿದಿರುವಾಗ ಒಂದು ಮಧ್ಯಾಹ್ನ ಬ್ಲಾಸ್ಟಾಯಿತು. ದೊಡ್ಡದು. ತಗಡಿನಿಂದ ಮಣ್ಣು ಉದುರಿತು. ಅಮ್ಮ ಸಾರಿನ ಮಡಕೆ ಕೆಳಗಿಟ್ಟಳು. ಹೊರಗೆ ಪಕ್ಕದ ಮನೆಯಾಕೆ ತಮಿಳಿನಲ್ಲಿ ಕೂಗುವುದು ಕೇಳಿಸಿತು: "ನಿನ್ನುಪೋಚ್ಚು! ನಿನ್ನುಪೋಚ್ಚು!" ಗಾಲಿ ನಿಂತುಬಿಟ್ಟಿತ್ತು. ಅಪ್ಪ ಆ ಪಾಳಿಯಲ್ಲೇ ಇದ್ದ.

ನಾನು ಬಾಗಿಲಿಗೆ ನುಗ್ಗಿದೆ. ಅಮ್ಮ ನನ್ನ ಎದೆಗೆ ಕೈ ಅಡ್ಡ ಹಿಡಿದಳು.

"ನೀನು ಬರ್ಬ್ಯಾಡ."

"ಅಮ್ಮ, ಬಿಡು!"

"ಮೈಸೂರ್ನಾಗಿದ್ರೆ ಬತ್ತಿದ್ಯಾ? ಇಲ್ಲೇ ಕೂತ್ಕ. ಬಾಗ್ಲು ಆಕ್ಕ. ಕೂರಾಕಾದ್ರೆ ಓದಾಕೋಗು. ಆಗ್ದಿದ್ರೆ ಟೀಚರಮ್ಮ ಆಗು. ನಿಂಗೆ ಯಾವ್ದು ಆಯ್ತದೋ ನಾನೂ ನೋಡ್ಬೇಕು."

ಹೊರಗಿನಿಂದ ಬಾಗಿಲೆಳೆದುಕೊಂಡು ಅವಳು ಓಡಿದಳು. ಚಿಲಕ ಹಾಕಿರಲಿಲ್ಲ. ನಾನು ತಳ್ಳಿದರೆ ತೆರೆಯುತ್ತಿತ್ತು.

ಒಲೆಯಲ್ಲಿ ಸೌದೆ ಸುಮ್ಮನೆ ಉರಿಯುತ್ತಿತ್ತು. ಬೀದಿಯಲ್ಲಿ ಕಾಲುಗಳ ಸದ್ದು ಒಂದೇ ಕಡೆಗೆ ಹೋಗಿ ಕೊನೆಗೆ ನಿಂತೇಹೋಯಿತು. ಲೈನಿನಲ್ಲಿ ಅಂಥ ನಿಶ್ಶಬ್ದವನ್ನು ನಾನು ಹಿಂದೆಂದೂ ಕೇಳಿರಲಿಲ್ಲ, ಏಕೆಂದರೆ ಅಂಥ ಹೊತ್ತಿನಲ್ಲಿ ಒಳಗೆ ಉಳಿದವರೇ ಇಲ್ಲ. ಅಪ್ಪ ನಿಲ್ಲಿಸಿದ ದಿಮ್ಮಿಗಳು ಗಟ್ಟಿ ಎಂದು ಪರವಾಗಿ ಒಂದು ಮಾತು ಹುಟ್ಟಿಸಿದೆ. ಗಟ್ಟಿಯಿದ್ದರೂ ಬಂಡೆಗೇನು ಎಂದು ವಿರೋಧ ಎದ್ದಿತು. ಬಂಡೆ ಬಿದ್ದದ್ದು ಗಣಿಯೊಳಗೆ ಬೇರೆ ಮಟ್ಟದ ಸುರಂಗದಲ್ಲಿರಬಹುದು ಎಂದೆ. ಅಲ್ಲೂ ಯಾರದೋ ಅಪ್ಪ ಇರುತ್ತಾನೆಂದು ಹೊಳೆಯಿತು. ಎರಡೂ ಪಕ್ಷಕ್ಕೆ ಮಾತು ಮುಗಿದ ಮೇಲೂ ಹೊತ್ತು ಹಾಗೇ ಇತ್ತು. ಬಾಗಿಲು ನನ್ನಿಂದ ನಾಲ್ಕು ಹೆಜ್ಜೆ. ಏಳಬೇಕೆಂದುಕೊಂಡೆ. ಕುಳಿತಲ್ಲೇ ಕುಳಿತಿದ್ದೆ.

ಎಷ್ಟು ಹೊತ್ತಾಯಿತೋ, ಸೌದೆ ಬೂದಿಯಾಗಿತ್ತು. ಬಾಗಿಲು ತೆರೆಯಿತು. ಅಮ್ಮ ಒಬ್ಬಳೇ ಬಂದಳು. ಅವಳ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ, ಕಾಲಿನ ಧೂಳು ನೋಡುತ್ತ ಕುಳಿತೆ.

"ನಿಮ್ಮಪ್ಪ ಬಂದ್ರು," ಎಂದಳು. "ಇಬ್ರಿಗೆ ಪೆಟ್ಟಾಗೈತೆ, ಅವರ್ನ ಎತ್ಕಂಡು ಆಸ್ಪತ್ರೆಗೋದ್ರು. ಮಾತಾಡಿಸ್ದೆ. ಕೈ ಮುಟ್ಟಿ ನೋಡ್ದೆ."

ನಾನು ಅತ್ತುಬಿಟ್ಟೆ. ಅಮ್ಮ ಮಡಕೆಯನ್ನು ಮತ್ತೆ ಒಲೆಗೇರಿಸಿ ಊದುಗೊಳವೆ ಹಿಡಿದಳು.

"ಕೂತಿದ್ಯಲ್ಲ," ಎಂದಳು.

"ಧೈರ್ಯದಿಂದ ಕೂತದ್ದಲ್ಲಮ್ಮ. ಹೆದರಿ ಏಳಲಾಗಲಿಲ್ಲ."

ಸುಳ್ಳು ಹೇಳಿ ಗೆಲ್ಲಬಹುದಿತ್ತು. ಆ ಹೊತ್ತಿನಲ್ಲಿ ಆಗಲಿಲ್ಲ.

"ಇನ್ನೆಂಗೆ ಕೂರ್ತಾರೆ?" ಎಂದು ಅಮ್ಮ ಕೇಳಿದಳು. "ನಾನು ಇಷ್ಟ್ ವರ್ಸ ಅಲ್ಲಿ ನಿಂತಿರಾದು ಧೈರ್ಯಕ್ಕೆ ಅಂದ್ಕಂಡಿದ್ಯಾ?"

ಅವಳು ಊದತೊಡಗಿದಳು. ಅಪ್ಪ ಬಂದದ್ದು ಕತ್ತಲಾಗುವ ಮುಂಚೆ, ಅಂಗಿಯ ಮೇಲೆ ಬೇರೆಯವರ ರಕ್ತ. ಸ್ನಾನ ಮಾಡಿದ, ಉಂಡ. ಅವನು ಕೈ ತೊಳೆದ ಮೇಲೆ ನಾನು ಕಾಗದ ತಂದು ಅತ್ತೆಗೆ ಬರೆದೆ: ಕೋಣೆಗಳು ಬೇಡ, ಹಾಸ್ಟೆಲಿಗೆ ಅರ್ಜಿ ಹಾಕುವುದು ಹೇಗೆಂದು ವಿಚಾರಿಸಿ ತಿಳಿಸಬೇಕು. ಓದಿ ಹೇಳಿದೆ. ಅಪ್ಪ ಒಮ್ಮೆ ಅಮ್ಮನ ಕಡೆ ನೋಡಿ, ಕೆಳಗೆ ತನ್ನ ರುಜು ಹಾಕಿದ. ನಾನು ಕಾಗದ ಮಡಿಸಿ ಲಕೋಟೆಗೆ ಹಾಕಿದೆ.