ಕೆಳಮನೆ ಅಕ್ಕನ ತೋಡು

ಕಳೆದ ಮಂಗಳವಾರ ಮಧ್ಯಾಹ್ನ ಕೋಲ್ಕತ್ತದಲ್ಲಿ ಜೋರು ಮಳೆ ಸುರಿಯಿತು. ಸದರ್ನ್ ಅವೆನ್ಯೂ ಹಿಂದಿನ ನಮ್ಮ ಗಲ್ಲಿಯಲ್ಲಿ ನೀರು ನಿಂತಿತು. ನಮ್ಮ ಕಟ್ಟಡದ ಅಂಗಳದಲ್ಲಿ ನಿಲ್ಲಲಿಲ್ಲ. ಸಂಜೆ ಮೆಟ್ಟಿಲಿಳಿದು ಬಂದಾಗ, ಮಣ್ಣು ಸರಿದು ಹೊರಗೆ ಕಂಡ ಲಾವಂಚದ ಬೇರಿನಿಂದ ತಣ್ಣನೆಯ ವಾಸನೆ ಬರುತ್ತಿತ್ತು. ಅದನ್ನು ನೆಟ್ಟವರನ್ನು ನಾನು ಕೆಳಮನೆ ಅಕ್ಕ ಎನ್ನುತ್ತಿದ್ದೆ.

ಉಡುಪಿ ಕಡೆಯವರು. ಬ್ಯಾಂಕಿನ ವರ್ಗಾವಣೆಯ ಮೇಲೆ ಬಂದವರು ನಿವೃತ್ತಿಯ ನಂತರ ಇಲ್ಲೇ ಉಳಿದರು. ಪ್ರತಿ ಮಳೆಗಾಲದಲ್ಲೂ ತಾರಸಿಯ ನೀರು, ಕಾರು ಬರುವ ದಾರಿಯ ನೀರು ಸೇರಿ ನೆಲಮಹಡಿಯ ಅವರ ಮನೆಗೆ ನುಗ್ಗುತ್ತಿತ್ತು. ಮಂಚದ ಕಾಲಿಗೆ ಇಟ್ಟಿಗೆ ಕೊಟ್ಟು ಮಲಗುತ್ತಿದ್ದರು. ಮೇಲೆ ಎಲ್ಲಾದರೂ ಮನೆ ನೋಡಿ ಎಂದರೆ ತಮ್ಮ ಮೊಣಕಾಲು ತೋರಿಸುತ್ತಿದ್ದರು. ಕಟ್ಟಡಕ್ಕೆ ಲಿಫ್ಟ್ ಇಲ್ಲ.

ಒಂದು ಬೇಸಗೆಯಲ್ಲಿ ಅಂಗಳದ ಮೂಲೆಯ ಸಿಮೆಂಟು ತೆಗೆಸಿದರು. ತಗ್ಗು ತೋಡಿಸಿ, ಇಟ್ಟಿಗೆ ಚೂರು, ಮರಳು, ಮೇಲೆ ಮಣ್ಣು ಹಾಕಿಸಿ ಲಾವಂಚ, ಕೆಸು, ಕಾಬಾಳೆ ನೆಟ್ಟರು. ಮಳೆನೀರು ಅಲ್ಲಿ ಇಂಗಬೇಕು, ಮಿಕ್ಕಿದ್ದು ಪೈಪಿನಲ್ಲಿ ಬೀದಿಯ ಚರಂಡಿಗೆ ಹೋಗಬೇಕು. ಸುತ್ತ ಒಂದು ಗೇಣು ಕಟ್ಟೆಯನ್ನೂ ಕಟ್ಟಿಸಿದರು.

ಕಟ್ಟಡದ ಸಂಘದ ಬಂಗಾಳಿ ಕಾರ್ಯದರ್ಶಿ ನಕ್ಕರು. "ದೀದಿ, ಕೋಲ್ಕತ್ತದಲ್ಲಿ ನೀರು ಸಾಲದು ಅಂತ ನೀವೊಂದು ಪುಕುರ್ ತೋಡಿಸಿದಿರಾ?"

"ಕೆರೆ ಇಷ್ಟು ವರ್ಷ ನನ್ನ ಮನೆಯೊಳಗೆ ಇತ್ತು. ಹೊರಗೆ ಹಾಕಿದೆ, ಅಷ್ಟೆ."

ಒಂದು ಮಳೆಗಾಲದ ಅವಕಾಶ ಸಿಕ್ಕಿತು. ನೀರು ನಿಂತು ಸೊಳ್ಳೆಯಾದರೆ ಮತ್ತೆ ಸಿಮೆಂಟು ಹಾಕಿ ಕಾರು ನಿಲ್ಲಿಸುವುದೆಂದು ಸಭೆ ತೀರ್ಮಾನಿಸಿತು.

ಉಳಿದದ್ದು ತಾರಸಿಯ ಪೈಪಿನಿಂದ ತಗ್ಗಿಗೆ ಒಂದು ಸಣ್ಣ ಕಾಲುವೆ. ಅವರ ಊರಲ್ಲಿ ಅದಕ್ಕೆ ತೋಡು ಎನ್ನುತ್ತಾರೆ. ಬಿಹಾರದ ಗಾರೆಯವನಿಗೆ ಕೈ ತೋರಿಸಿ, "ಇಧರ್ ತೋಡು" ಎಂದು ಹೇಳಿ ಕಾಫಿಗೆ ಒಳಗೆ ಹೋದರು. ಹೊರಬರುವಷ್ಟರಲ್ಲಿ ಹೊಸ ಕಟ್ಟೆ ಒಡೆದಿತ್ತು.

"ನೋಡಿ ಮಾರಾಯ್ರೆ, ನಾನು ತೋಡು ಕೇಳಿದ್ರೆ ಇವ ಕಟ್ಟೆಯನ್ನೇ ತೆಗೆದಿದ್ದಾನೆ," ಎಂದು ಮೇಲೆ ನಿಂತಿದ್ದ ನನ್ನನ್ನು ಕರೆದರು.

ಅವನು ಸುತ್ತಿಗೆ ಹಿಡಿದೇ ನಿಂತಿದ್ದ. "ದೀದಿ, ಆಪ್ ಹೀ ತೋ ಬೋಲೀ, ತೋಡೋ." ನೀವೇ ಹೇಳಿದಿರಲ್ಲ ಎಂದು ಅವನ ವಾದ; ಹಿಂದಿಯಲ್ಲಿ ತೋಡೋ ಎಂದರೆ ಒಡೆ.

ರಿಪೇರಿಗೆ ಮೊದಲೇ ಸಂಜೆ ಮಳೆ ಬಂತು. ದಾರಿಯ ನೀರು ಬಂದು ಕಟ್ಟೆಗೆ ಬಡಿಯಿತು, ಅವರ ಬಾಗಿಲ ಕಡೆ ತಿರುಗಿತು... ನಡುವೆ ಒಡೆದ ಜಾಗ ಸಿಕ್ಕಿ ತಗ್ಗಿಗೆ ಇಳಿಯಿತು. ಅಕ್ಕ ಹೊಸ್ತಿಲಲ್ಲಿ ಸೀರೆ ಎತ್ತಿ ಹಿಡಿದು ನಿಂತೇ ನೋಡಿದರು. ಕಟ್ಟೆ ಪೂರ್ತಿ ಇದ್ದಿದ್ದರೆ ಅಷ್ಟೂ ನೀರು ಒಳಗೆ ಬರುತ್ತಿತ್ತು. ಮರುದಿನ ಮಧ್ಯಾಹ್ನದ ಹೊತ್ತಿಗೆ ತಗ್ಗು ಬರಿದಾಗಿತ್ತು.

ಗಾರೆಯವನು ಸಿಮೆಂಟು ಕಲಸಿಕೊಂಡು ಬಂದ. ಅಕ್ಕ ತಡೆದರು. ಕಟ್ಟೆಯ ಮೇಲೆ ಇನ್ನೆರಡು ಕಡೆ ಬೆರಳಿಟ್ಟು, "ಇಧರ್ ಭೀ ತೋಡೋ" ಎಂದರು. ಈ ಸಲ ಅವರು ಆಡಿದ್ದು ಹಿಂದಿಯೇ.

ಆ ವರ್ಷ ನೀರು ಹೊಸ್ತಿಲು ದಾಟಲಿಲ್ಲ. ಕಾರ್ಯದರ್ಶಿ ಟಾರ್ಚು ಹಿಡಿದು ಸೊಳ್ಳೆಮರಿ ಹುಡುಕಿದರು, ಸಿಗಲಿಲ್ಲ. ದುರ್ಗಾಪೂಜೆಯ ನಂತರದ ಸಭೆಯಲ್ಲಿ ಸಿಮೆಂಟಿನ ಮಾತು ಏಳಲಿಲ್ಲ. ಅಕ್ಕ ಮಂಚವನ್ನು ನೆಲಕ್ಕಿಳಿಸಿದರು.

ಎರಡು ವರ್ಷದ ಹಿಂದೆ ಚಳಿಗಾಲದಲ್ಲಿ ತೀರಿಕೊಂಡರು, ಅದೇ ಮನೆಯಲ್ಲಿ. ಕನ್ನಡದಲ್ಲಿ ಬೈಸಿಕೊಳ್ಳಲು ಈ ಕಟ್ಟಡದಲ್ಲಿ ನನಗೀಗ ಯಾರೂ ಇಲ್ಲ...

ಅಲ್ಲೀಗ ಬೇರೆ ಕುಟುಂಬ ಬಾಡಿಗೆಗಿದೆ. ಮಂಗಳವಾರ ಮಳೆ ಸುರಿಯುವಾಗ ಅವರ ಬಾಗಿಲು ತೆರೆದಿತ್ತು. ಒಳಗೆ ನೆಲದ ಮೇಲೆ ಚಾಪೆ ಹಾಸಿ ಮಗುವನ್ನು ಮಲಗಿಸಿದ್ದರು.